ಕಿಟಕಿ ಮುಚ್ಚಿ ಎಂದು ಯಾರೂ ಹೇಳಲಿಲ್ಲ

ನಾನು ದಕ್ಷಿಣ ಕೊರಿಯಾದ ಚುನ್‌ಚೊನ್ ನಗರಕ್ಕೆ ಹೋದ ಮೊದಲ ವರ್ಷ, ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ, ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜಿನ ಹಿರಿಯರು ತಲೆಯೆತ್ತಿ, "ಚಳಿ ಆಗುತ್ತಿಲ್ಲವೇ?" ಎಂದು ಕೇಳಿದರು. ಕಿಟಕಿಯ ಪಕ್ಕ ಕುಳಿತಿದ್ದವಳು ನಾನು, ಅದನ್ನು ತೆರೆದವಳೂ ನಾನೇ. ತೀರ್ಥಹಳ್ಳಿಯ ಕಡೆಯ ಮಳೆ ಚಳಿಯಲ್ಲಿ ಬೆಳೆದವಳಿಗೆ ಆ ಗಾಳಿ ಹಿತವಾಗಿಯೇ ಇತ್ತು. ಹೊಸದಾಗಿ ಬಂದವಳ ಮೇಲೆ ಇವರಿಗೆ ಎಷ್ಟು ಕಾಳಜಿ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು, "ಇಲ್ಲ, ನನಗೇನೂ ಚಳಿಯಿಲ್ಲ" ಎಂದು ನಗುತ್ತಾ ಉತ್ತರಿಸಿದೆ. ಅವರು "ಹೌದೇ" ಎಂದಷ್ಟೇ ಹೇಳಿ, ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ದಪ್ಪ ಕೋಟನ್ನು ತೊಟ್ಟು, ಮತ್ತೆ ಸೂಕ್ಷ್ಮದರ್ಶಕದ ಮೇಲೆ ಬಾಗಿದರು. ಮರುದಿನವೂ ಇದೇ ಪ್ರಶ್ನೆ, ಇದೇ ಉತ್ತರ, ಇದೇ ಕೋಟು.

ಮೂರು ವಾರಗಳ ನಂತರ, ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ, ನನ್ನನ್ನು ‘ಒನ್ನಿ’ ಎಂದು, ಅಂದರೆ ಅಕ್ಕ ಎಂದು ಕರೆಯಲು ಆಗಷ್ಟೇ ಶುರುಮಾಡಿದ್ದ ಕಿರಿಯ ವಿದ್ಯಾರ್ಥಿನಿಯೊಬ್ಬಳು, "ಅಕ್ಕ, ನಿಮ್ಮ ಊರಿನ ಮನೆಗಳಲ್ಲಿ ಕಿಟಕಿಗಳು ಯಾವಾಗಲೂ ತೆರೆದೇ ಇರುತ್ತವೆಯೇ?" ಎಂದು ಕೇಳಿದಳು. ನಾನು ಉತ್ಸಾಹದಿಂದ ನಮ್ಮ ಮನೆಯ ಮರದ ಸರಳಿನ ಕಿಟಕಿಗಳನ್ನೂ, ಮಳೆಗಾಲದಲ್ಲಿ ಅವುಗಳಿಂದ ಒಳಗೆ ಬರುವ ಎರಚಲನ್ನೂ ಹತ್ತು ನಿಮಿಷ ವರ್ಣಿಸಿದೆ. ಅವಳು ಕೊನೆಯವರೆಗೂ ತಾಳ್ಮೆಯಿಂದ ಕೇಳಿದಳು. ಅಂದು ರಾತ್ರಿ ಕೋಣೆಗೆ ನಡೆದು ಹೋಗುವಾಗ, ಅರ್ಧ ದಾರಿಯಲ್ಲಿ, ನನ್ನ ಕಿವಿ ಬಿಸಿಯಾಯಿತು. ಆ ಹುಡುಗಿ ನನ್ನ ಊರಿನ ಕಿಟಕಿಯ ವಿಷಯ ಕೇಳಿಯೇ ಇರಲಿಲ್ಲ.

ನನ್ನಲ್ಲಿ ಇಲ್ಲದೇ ಹೋದದ್ದಕ್ಕೆ ಕೊರಿಯನ್ನರಲ್ಲಿ ಒಂದು ಪದವಿದೆ: ನುಂಚಿ. ‘ನುನ್’ ಎಂದರೆ ಕಣ್ಣು. ಎದುರಿಗಿರುವವರ ಮುಖ, ದನಿ, ಮೌನ, ಕುಳಿತ ರೀತಿ, ಕೋಣೆಯಲ್ಲಿ ಯಾರ ಪಕ್ಕದಲ್ಲಿ ಯಾರಿದ್ದಾರೆ ಎಂಬುದೆಲ್ಲವನ್ನೂ ಕಣ್ಣಳತೆಯಲ್ಲೇ ಅಳೆದು, ಕೇಳದಿರುವುದನ್ನು ಕೊಡುವ, ಹೇಳದಿರುವುದನ್ನು ಮಾಡುವ ಜಾಣತನ ಅದು. ನಮ್ಮ ‘ಇಂಗಿತ’ ಹತ್ತಿರ ಬರುತ್ತದೆ, ಆದರೆ ಇಂಗಿತವಿರುವುದು ಹೇಳದವರ ಮನಸ್ಸಿನಲ್ಲಿ. ನುಂಚಿಯಿರುವುದು ನೋಡುವವರ ಕಣ್ಣಿನಲ್ಲಿ. ‘ಕಣ್ಣರಿಯದಿದ್ದರೂ ಕರುಳರಿಯದೇ’ ಎಂದು ನಾವು ಈ ಬಲ್ಮೆಯನ್ನು ರಕ್ತಸಂಬಂಧಕ್ಕೆ ಬಿಟ್ಟುಕೊಡುತ್ತೇವೆ. ನುಂಚಿಗೆ ಕರುಳಿನ ಹಂಗಿಲ್ಲ. ಬಸ್ಸಿನಲ್ಲಿ, ಕಚೇರಿಯಲ್ಲಿ, ಹೋಟೆಲಿನಲ್ಲಿ ಅಪರಿಚಿತರ ನಡುವೆಯೂ ಅದು ಇರಲೇಬೇಕು, ಇಲ್ಲದವರ ಬಗ್ಗೆ ‘ಅವನಿಗೆ ನುಂಚಿ ಇಲ್ಲ’ ಎಂದು ಎರಡೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ. ಕವಿರಾಜಮಾರ್ಗವು ಕನ್ನಡ ನಾಡಿನ ಜನರನ್ನು ‘ಪದನರಿದು ನುಡಿಯಲುಂ ನುಡಿದುದನರಿದಾರಯಲುಮಾರ್ಪರ್’ ಎಂದು ಹೊಗಳಿದ್ದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನಾನು, ನುಡಿದುದನ್ನು ಅರಿಯುವುದೇ ದೊಡ್ಡದು ಎಂದುಕೊಂಡಿದ್ದೆ. ಚುನ್‌ಚೊನ್‌ನಲ್ಲಿ ನುಡಿಯದಿದ್ದುದರಲ್ಲಿ ಪರೀಕ್ಷೆ ನಡೆಯಿತು.

ಕೊರಿಯನ್ನರು ಸಾಮಾನ್ಯವಾಗಿ ಇದನ್ನು ‘ಒಳ್ಳೆಯ’ ನುಂಚಿ ಎನ್ನುವುದಿಲ್ಲ, ‘ಚುರುಕಾದ’ ನುಂಚಿ ಎನ್ನುತ್ತಾರೆ. ತಡವಾಗಿ ಅರ್ಥವಾದರೆ ಅರ್ಥವಾಗದಿದ್ದಂತೆಯೇ ಲೆಕ್ಕ. ‘ನುಂಚಿ ಚುರುಕಾಗಿದ್ದರೆ ದೇವಾಲಯದಲ್ಲೂ ಜೊತ್‌ಕಲ್ ತಿನ್ನಲು ಸಿಗುತ್ತದೆ’ ಎಂದು ಅವರಲ್ಲೊಂದು ಗಾದೆ. ಜೊತ್‌ಕಲ್ ಎಂದರೆ ಮೀನು, ಸೀಗಡಿಗಳನ್ನು ಉಪ್ಪಿನಲ್ಲಿ ಹಾಕಿ ಹುದುಗು ಬರಿಸಿದ ಪದಾರ್ಥ. ಸಸ್ಯಾಹಾರಿ ಭಿಕ್ಷುಗಳ ಬೌದ್ಧ ದೇವಾಲಯದಲ್ಲಿ ಅದು ಇರುವಂತಿಲ್ಲ, ಇದ್ದರೂ ಯಾರೂ ಇದೆ ಎನ್ನುವಂತಿಲ್ಲ. ಯಾವ ಬಾಗಿಲ ಬಳಿ, ಯಾವ ಹೊತ್ತಿಗೆ, ಯಾವ ಮುಖ ಮಾಡಿಕೊಂಡು ನಿಲ್ಲಬೇಕೆಂದು ಬಲ್ಲವನಿಗೆ ಮಾತ್ರ ಅದು ತಟ್ಟೆಗೆ ಬರುತ್ತದೆ. ಈ ಗಾದೆ ನಗಿಸುತ್ತದೆ. ಅದೇ ಬೇರಿನಿಂದ ಹುಟ್ಟಿದ ‘ನುಂಚಿಬಾಪ್’ ಎಂಬ ಪದ ನಗಿಸುವುದಿಲ್ಲ. ಬಾಪ್ ಎಂದರೆ ಅನ್ನ. ಪರರ ಮನೆಯಲ್ಲಿ, ಅವರ ಮುಖವನ್ನು ನೋಡುತ್ತಾ, ಇನ್ನೊಂದು ತುತ್ತು ತೆಗೆದುಕೊಂಡರೆ ಏನೆಂದುಕೊಳ್ಳುವರೋ ಎಂದು ಅಳೆಯುತ್ತಾ ಉಣ್ಣುವ ಅನ್ನಕ್ಕೆ ಆ ಹೆಸರು. ಹಂಗಿನ ಅನ್ನ ಎಂಬ ನಮ್ಮ ಮಾತಿಗಿಂತ ಅದು ಹೆಚ್ಚು ಖಚಿತವಾಗಿದೆ, ಏಕೆಂದರೆ ಉಣ್ಣುವವನ ಕಣ್ಣು ಎಲ್ಲಿದೆ ಎಂಬುದನ್ನೂ ಅದು ಹೇಳುತ್ತದೆ. ನುಂಚಿಯನ್ನು ಕೊರಿಯಾದ ಯಶಸ್ಸಿನ ಗುಟ್ಟು ಎಂಬಂತೆ ಪರಿಚಯಿಸುವ ಬರಹಗಳನ್ನು ಓದುವಾಗಲೆಲ್ಲ ನನಗೆ ಈ ಅನ್ನ ನೆನಪಾಗುತ್ತದೆ.

ದಿನನಿತ್ಯದ ಮಾತುಗಳನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ‘ಯಾವಾಗಲಾದರೂ ಒಮ್ಮೆ ಜೊತೆಗೆ ಊಟ ಮಾಡೋಣ’ ಎಂದು ಯಾರಾದರೂ ಬೀಳ್ಕೊಟ್ಟರೆ ಅದು ಆಹ್ವಾನವಲ್ಲ, ಹೋಗಿ ಬನ್ನಿ ಎಂಬುದರ ಬೆಚ್ಚಗಿನ ರೂಪ. ದಿನ, ಹೊತ್ತು ಹೇಳಿದರೆ ಮಾತ್ರ ಊಟ. (ನಮ್ಮಲ್ಲಿ ದಾರಿಯಲ್ಲಿ ಸಿಕ್ಕವರು ‘ಒಂದು ಸಲ ಮನೆಗೆ ಬನ್ನಿ’ ಎಂದಾಗ ನಾವು ಚೀಲ ಹಿಡಿದು ಹಿಂದೆಯೇ ಹೊರಡುವುದಿಲ್ಲ. ಅಷ್ಟು ಗೊತ್ತಿದ್ದೂ ನಾನು ಎರಡು ಶನಿವಾರ ಫೋನಿಗಾಗಿ ಕಾದೆ.) ‘ಊಟ ಆಯಿತೇ?’ ಎಂಬ ಅವರ ಕುಶಲ ವಿಚಾರಣೆಯೊಂದೇ ನನಗೆ ಯಾವ ಕಷ್ಟವನ್ನೂ ಕೊಡಲಿಲ್ಲ, ಅದು ನಮ್ಮದೇ. ‘ಕ್ವೆಂಚನಾಯೊ’, ಪರವಾಗಿಲ್ಲ ಎಂಬ ಮಾತು, ಬೇಡ ಎಂಬುದಕ್ಕೂ ಆಗಬಹುದು ಎಂಬುದಕ್ಕೂ ಒಂದೇ ಮುಖದಲ್ಲಿ ಬರುತ್ತದೆ, ಕೈಯ ಚಲನೆಯನ್ನು ನೋಡಿಯೇ ತೀರ್ಮಾನಿಸಬೇಕು. ‘ಪರಿಶೀಲಿಸಿ ನೋಡುತ್ತೇನೆ’ ಎಂದರೆ ಸಾಮಾನ್ಯವಾಗಿ ಇಲ್ಲ ಎಂದೇ ಅರ್ಥ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಆಟವಾಡಿಸಿದ್ದು ‘ನುಂದೆ’ ಎಂಬ ಒಂದು ಪ್ರತ್ಯಯ. ಕನ್ನಡದಂತೆಯೇ ಕೊರಿಯನ್ ಭಾಷೆಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅದರ ಬಾಲಕ್ಕೆ ಪ್ರತ್ಯಯಗಳು ಅಂಟುತ್ತಾ ಹೋಗುತ್ತವೆ. ಈ ‘ನುಂದೆ’ ಸರಿಸುಮಾರು ‘ಆದರೆ’, ‘ಹೀಗಿರುವಾಗ’ ಎಂಬ ಅರ್ಥ ಕೊಡುವ ಕೊಂಡಿ. ಅದರ ಮುಂದೆ ಇನ್ನೊಂದು ವಾಕ್ಯ ಬರಬೇಕು. ಜನ ಆ ಇನ್ನೊಂದನ್ನು ಹೇಳದೆಯೇ ನಿಲ್ಲಿಸುತ್ತಾರೆ. ‘ನನಗೆ ನಾಳೆ ಸ್ವಲ್ಪ ಕೆಲಸವಿದೆ, ಹೀಗಿರುವಾಗ…’ ಎಂದು ದನಿಯನ್ನು ಗಾಳಿಯಲ್ಲಿ ಬಿಟ್ಟು ನಿಮ್ಮ ಮುಖ ನೋಡುತ್ತಾರೆ. ವಾಕ್ಯದ ಉಳಿದ ಅರ್ಧವನ್ನು ಪೂರ್ಣಗೊಳಿಸಿ, ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದು ನಿಮ್ಮ ಹೊಣೆ. ನಿರಾಕರಿಸಿದವರು ಅವರಲ್ಲ, ಬೇಡ ಎಂದವರು ನೀವೇ ಎಂಬಂತೆ ಮಾತು ಮುಗಿಯುತ್ತದೆ.

ಚುನ್‌ಚೊನ್ ಊರಿನ ಹೊರವಲಯದಲ್ಲಿ ಕಿಮ್ ಯೂಜಂಗ್ ಎಂಬ ರೈಲು ನಿಲ್ದಾಣವಿದೆ. ಮೊದಲು ಸಿನ್ನಾಮ್ ಎಂದಿದ್ದ ಅದಕ್ಕೆ 2004ರಲ್ಲಿ ಕತೆಗಾರನೊಬ್ಬನ ಹೆಸರಿಟ್ಟರು. ಕೊರಿಯಾದಲ್ಲಿ ವ್ಯಕ್ತಿಯೊಬ್ಬನ ಹೆಸರು ಪಡೆದ ಮೊದಲ ರೈಲು ನಿಲ್ದಾಣ ಅದು. ಕಿಮ್ ಯೂಜಂಗ್ 1908ರಲ್ಲಿ ಹುಟ್ಟಿ 1937ರಲ್ಲಿ ಕ್ಷಯದಿಂದ ತೀರಿಕೊಂಡವನು, ಬದುಕಿದ್ದು ಮೂವತ್ತು ವರ್ಷವೂ ಅಲ್ಲ. ನಿಲ್ದಾಣದ ಪಕ್ಕದ ಸಿಲ್ಲೆ ಎಂಬ ಹಳ್ಳಿ ಅವನದು. ಸುತ್ತ ಗುಡ್ಡಗಳಿದ್ದು ನಡುವೆ ತಗ್ಗಾಗಿರುವ ಆ ಊರು ಅಕ್ಕಿಕಡುಬು ಬೇಯಿಸುವ ಹಬೆಪಾತ್ರೆಯಂತೆ ಕಾಣುವುದರಿಂದ ಆ ಹೆಸರು ಬಂತೆನ್ನುತ್ತಾರೆ. ಮಾರ್ಚ್ ಕೊನೆಯ ಒಂದು ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ, ಚೀಲದಲ್ಲಿ ಅವನ ‘ದೊಂಗ್‌ಬೆಕ್ ಹೂವು’ ಎಂಬ ಕತೆಯ ನಕಲು ಪ್ರತಿಯಿತ್ತು. ದೊಂಗ್‌ಬೆಕ್ ಎಂದರೆ ದಕ್ಷಿಣದ ಕೆಂಪು ಹೂವಿನ ಕ್ಯಾಮೆಲಿಯಾ ಗಿಡ ಎಂದು ನಿಘಂಟು ಹೇಳುತ್ತದೆ. ಆದರೆ ಕತೆಯಲ್ಲಿ ಹೂವು ಹಳದಿ. ಈ ಕಾಂಗ್ವೊನ್ ಸೀಮೆಯ ಆಡುಮಾತಿನಲ್ಲಿ, ಎಲೆ ಬರುವ ಮೊದಲೇ ಬರಿಯ ಕೊಂಬೆಯ ಮೇಲೆ ಹಳದಿ ಗೊಂಚಲು ಬಿಡುವ, ಚಿವುಟಿದರೆ ಶುಂಠಿಯ ಘಾಟು ಬರುವ ಬೇರೊಂದು ಕಾಡುಗಿಡಕ್ಕೂ ಅದೇ ಹೆಸರು. ಕತೆಯ ಹೆಸರೇ ಹೇಳಿದ್ದೊಂದು, ತಿಳಿಯಬೇಕಾದದ್ದು ಇನ್ನೊಂದು.

1936ರಲ್ಲಿ ಅಚ್ಚಾದ ಈ ಕತೆಯನ್ನು ಹೇಳುವವನು ಹದಿನೇಳರ ಒಬ್ಬ ಹುಡುಗ. ಅವನು ಬೇಲಿ ಕಟ್ಟುತ್ತಿರುವಾಗ ಅದೇ ವಯಸ್ಸಿನ ಜೊಮ್‌ಸುನ್ ಎಂಬ ಹುಡುಗಿ ಹಿಂದಿನಿಂದ ಸದ್ದಿಲ್ಲದೆ ಬಂದು, ಒಬ್ಬನೇ ಕೆಲಸ ಮಾಡುತ್ತಿದ್ದೀಯಾ ಎಂದು ಮಾತಿಗೆಳೆಯುತ್ತಾಳೆ. ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಇನ್ನೂ ಹಬೆಯಾಡುತ್ತಿರುವ ಮೂರು ದಪ್ಪ ಆಲೂಗಡ್ಡೆಗಳನ್ನು ಅವನ ಮೂಗಿನ ಕೆಳಗೆ ಹಿಡಿದು, ‘ನಿಮ್ಮ ಮನೆಯಲ್ಲಿ ಇದು ಇಲ್ಲ ಅಲ್ವಾ?’ ಎನ್ನುತ್ತಾಳೆ. ಕೊರಿಯಾದ ಶಾಲೆಯಲ್ಲಿ ಓದಿದ ಯಾರನ್ನು ಕೇಳಿದರೂ ಈ ಒಂದು ಸಾಲು ಬಾಯಿಗೆ ಬರುತ್ತದೆ. ವಸಂತದ ಆಲೂಗಡ್ಡೆ ಬಲು ರುಚಿ ಎಂದೂ ಅವಳು ಸೇರಿಸುತ್ತಾಳೆ. ಹುಡುಗನಿಗೆ ಕೇಳಿಸಿದ್ದು ಹಂಗಿಸುವ ಮಾತು ಮಾತ್ರ. ಅವನು ತಿರುಗಿಯೂ ನೋಡದೆ, ನಾನು ಆಲೂಗಡ್ಡೆ ತಿನ್ನುವುದಿಲ್ಲ, ನೀನೇ ತಿನ್ನು ಎಂದು ಅದನ್ನು ಹೆಗಲ ಮೇಲಿಂದ ಹಿಂದಕ್ಕೆ ತಳ್ಳುತ್ತಾನೆ. ಹಿಂದಿನಿಂದ ಉಸಿರಾಟ ಬಿರುಸಾಗುವುದು ಕೇಳಿ ತಿರುಗಿದರೆ, ಹುಡುಗಿಯ ಮುಖ ಕೆಂಪಾಗಿದೆ, ಕಣ್ಣಲ್ಲಿ ನೀರೂ ಇದೆ.

ಅಲ್ಲಿಂದ ಮುಂದೆ ಅವಳು ತನ್ನ ಮನೆಯ ದೊಡ್ಡ ಹುಂಜವನ್ನು ಅವನ ಸಣ್ಣ ಹುಂಜದ ಮೇಲೆ ಬಿಟ್ಟು ಕಾದಾಡಿಸುತ್ತಾಳೆ, ಅವನು ತನ್ನ ಹುಂಜಕ್ಕೆ ಮೆಣಸಿನ ಗೊಜ್ಜು ತಿನ್ನಿಸಿ ಹುರಿಗೊಳಿಸಲು ನೋಡುತ್ತಾನೆ. ತುಳುನಾಡಿನ ಕೋಳಿ ಅಂಕ ನೋಡಿದವರಿಗೆ ಈ ಭಾಗ ಬಹಳ ಹಿಡಿಸುತ್ತದೆ, ಹುಂಜಕ್ಕೆ ಮಾಡುವ ಉಪಚಾರವೆಲ್ಲ ಅಷ್ಟು ನಂಬುವಂತಿದೆ. ಕೊನೆಗೆ ಸಿಟ್ಟಿನಲ್ಲಿ ಅವನು ಅವಳ ಹುಂಜವನ್ನು ಹೊಡೆದು ಕೊಂದೇಬಿಡುತ್ತಾನೆ, ಗಾಬರಿಯಿಂದ ಅಳುತ್ತಾನೆ. ಆಗ ಅವಳು ಹತ್ತಿರ ಬಂದು, ಇನ್ನು ಮುಂದೆ ಹಾಗೆ ಮಾಡುವುದಿಲ್ಲ ತಾನೆ ಎಂದು ಕೇಳುತ್ತಾಳೆ. ಯಾವುದನ್ನು ಮಾಡುವುದಿಲ್ಲ ಎಂದು ತಿಳಿಯದೆಯೇ ಅವನು ಇಲ್ಲ ಎನ್ನುತ್ತಾನೆ. ಹುಂಜದ ವಿಷಯ ನಾನು ಮನೆಯಲ್ಲಿ ಹೇಳುವುದಿಲ್ಲ ಎಂದು ಭರವಸೆ ಕೊಟ್ಟು, ಯಾವುದೋ ನೂಕಿದಂತೆ ಅವಳು ಅವನ ಹೆಗಲ ಮೇಲೆ ಬೀಳುತ್ತಾಳೆ, ಇಬ್ಬರೂ ಹಳದಿ ಹೂವಿನ ಪೊದೆಯೊಳಗೆ ಹೂತುಹೋಗುತ್ತಾರೆ.

ಓದುಗನಿಗೆ ಮೊದಲ ಪುಟದಲ್ಲೇ ತಿಳಿದದ್ದು ಕತೆ ಹೇಳುವವನಿಗೆ ಕೊನೆಯವರೆಗೂ ತಿಳಿಯುವುದಿಲ್ಲ, ನಗು ಹುಟ್ಟುವುದೇ ಅದರಿಂದ. ಮೊದಲ ಓದಿನಲ್ಲಿ ನಾನೂ ನಕ್ಕು, ನನ್ನಂತೆಯೇ ನುಂಚಿಯಿಲ್ಲದ ಒಬ್ಬ ಜೊತೆಗಾರ ಸಿಕ್ಕನೆಂದು ಸಮಾಧಾನಪಟ್ಟಿದ್ದೆ. ಎರಡನೆಯ ಓದು ನಡೆದದ್ದು ಸಿಲ್ಲೆಯ ಒಂದು ಕಲ್ಲಿನ ಮೇಲೆ ಕುಳಿತು. ಆಗ ಕಣ್ಣಿಗೆ ಬಿದ್ದದ್ದು ಹಿಂದೆ ಹಾರಿಸಿಕೊಂಡು ಹೋಗಿದ್ದ ಒಂದು ಸಾಲು. ಜೊಮ್‌ಸುನ್‌ಳ ಅಪ್ಪ ಭೂಮಾಲೀಕನ ಪರವಾಗಿ ಗೇಣಿ ನೋಡಿಕೊಳ್ಳುವ ಕಾರಭಾರಿ. ಹುಡುಗನ ಮನೆಯವರು ಅವನ ದಯೆಯಿಂದ ಗೇಣಿಗೆ ಹೊಲ ಪಡೆದು, ಮನೆ ಕಟ್ಟಿಕೊಳ್ಳಲು ಜಾಗ ಪಡೆದು, ಅವನ ಮುಂದೆ ಬಾಗಿ ಬದುಕುತ್ತಿರುವವರು. ಹದಿನೇಳು ವಯಸ್ಸಿನ ನೀವಿಬ್ಬರೂ ಜೊತೆಯಾಗಿ ಓಡಾಡಿದರೆ ಊರಲ್ಲಿ ಮಾತಾಗುತ್ತದೆ ಎಂದು ಅಮ್ಮ ಅವನಿಗೆ ಎಚ್ಚರಿಸಿದ್ದಾಳೆ. ಕಾರಭಾರಿಗೆ ಸಿಟ್ಟು ಬಂದರೆ ಹೊಲವೂ ಹೋಯಿತು, ಮನೆಯೂ ಹೋಯಿತು. ಹಾಗಾದರೆ ಹುಡುಗನಿಗೆ ನಿಜವಾಗಿಯೂ ಅರ್ಥವಾಗಲಿಲ್ಲವೇ, ಅಥವಾ ಅರ್ಥ ಮಾಡಿಕೊಳ್ಳುವ ಅನುಕೂಲ ಅವನಿಗಿರಲಿಲ್ಲವೇ? ‘ನಿಮ್ಮ ಮನೆಯಲ್ಲಿ ಇದು ಇಲ್ಲ ಅಲ್ವಾ’ ಎಂದಾಗ ಅವಳು ಹೇಳಬಯಸಿದ್ದು ಪ್ರೀತಿ, ಬಾಯಿಂದ ಹೊರಬಿದ್ದದ್ದು ಗೇಣಿಯ ಸತ್ಯ. ಅವಳ ಮನೆಯಲ್ಲಿ ಆಲೂಗಡ್ಡೆಯಿದೆ, ಅವನ ಮನೆಯಲ್ಲಿಲ್ಲ. ತಿನ್ನುವುದಿಲ್ಲ ಎಂದ ಹುಡುಗ ಆ ವಾಕ್ಯದ ಮೇಲ್ಪದರವನ್ನು ತಪ್ಪಾಗಿ ಓದಿ, ಅಡಿಪದರವನ್ನು ಬಹಳ ಸರಿಯಾಗಿಯೇ ಓದಿದ್ದಾನೆ ಎಂದು ನನಗೆ ಈಗ ಅನ್ನಿಸುತ್ತದೆ.

ಕೊರಿಯಾದ ಶಾಲಾಪಠ್ಯದಿಂದಲೇ ಎಲ್ಲರಿಗೂ ಗೊತ್ತಿರುವ ಇನ್ನೊಂದು ಕತೆ ಹ್ವಾಂಗ್ ಸುನ್‌ವೊನ್ ಬರೆದ ‘ಸೊನಾಗಿ’, ಅಂದರೆ ದಿಢೀರನೆ ಬಂದು ಹೋಗುವ ಮಳೆ. ಹಳ್ಳಿಯ ಹುಡುಗ, ರಾಜಧಾನಿ ಸೋಲ್‌ನಿಂದ ಬಂದ ಹುಡುಗಿ, ಹೊಳೆ ದಾಟುವ ಕಲ್ಲುಗಳು. ಹುಡುಗಿ ದಾರಿಗಡ್ಡ ಕುಳಿತರೂ ಮಾತಾಡಿಸದ ಹುಡುಗನ ಕಡೆ ಅವಳು ಒಂದು ದಿನ ಬೆಣಚುಕಲ್ಲೊಂದನ್ನು ಎಸೆದು ‘ಪೆದ್ದ’ ಎಂದು ಓಡುತ್ತಾಳೆ. ಅವನು ಆ ಕಲ್ಲನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಗುಡ್ಡಕ್ಕೆ ಹೋದ ದಿನ ಮಳೆ ಸಿಕ್ಕಿ, ಮರಳುವಾಗ ಉಕ್ಕಿದ ತೊರೆಯನ್ನು ಅವಳು ಅವನ ಬೆನ್ನೇರಿ ದಾಟುತ್ತಾಳೆ. ಕೆಲವು ದಿನಗಳ ಮೇಲೆ ಕಂಡಾಗ ಕಾಯಿಲೆಯಿಂದ ಸೊರಗಿರುವ ಅವಳು ತನ್ನ ನಸುಗೆಂಪು ಸ್ವೆಟರಿನ ಎದೆಯ ಮೇಲಿನ ಕಲೆಯನ್ನು ತೋರಿಸಿ, ಇದು ಎಲ್ಲಿಂದ ಬಂತು ಗೊತ್ತೇ ಎಂದು ಕೇಳುತ್ತಾಳೆ. ಅವನು ಸುಮ್ಮನೆ ನೋಡುತ್ತಾನೆ. ಅಂದು ತೊರೆ ದಾಟುವಾಗ ನಿನ್ನ ಬೆನ್ನಿನಿಂದ ಹತ್ತಿದ್ದು ಎನ್ನುತ್ತಾಳೆ. ಇಡೀ ಕತೆಯಲ್ಲಿ ಅವಳು ಮನಸ್ಸನ್ನು ಇದಕ್ಕಿಂತ ಹೆಚ್ಚು ತೆರೆಯುವುದಿಲ್ಲ.

ಕೊನೆಯ ದೃಶ್ಯದಲ್ಲಿ ಹುಡುಗ ಹಾಸಿಗೆಯಲ್ಲಿದ್ದಾನೆ. ದೀಪದ ಬಳಿ ಅಪ್ಪ ಅಮ್ಮ ಮಾತಾಡುತ್ತಿದ್ದಾರೆ, ಆ ಮನೆಯ ಹುಡುಗಿ ಹೋಗಿಬಿಟ್ಟಳಂತೆ ಎಂದು. ಆ ಪುಟ್ಟ ಹುಡುಗಿ ವಯಸ್ಸಿಗೆ ಮೀರಿದವಳಪ್ಪ, ಸಾಯುವ ಮೊದಲು ಏನು ಹೇಳಿದಳಂತೆ ಗೊತ್ತೇ, ತಾನು ಸತ್ತರೆ ತಾನು ತೊಡುತ್ತಿದ್ದ ಬಟ್ಟೆಯನ್ನೇ ಹಾಗೆಯೇ ತೊಡಿಸಿ ಮಣ್ಣು ಮಾಡಿ ಎಂದಳಂತೆ. ಕತೆ ಅಷ್ಟಕ್ಕೇ ನಿಲ್ಲುತ್ತದೆ. ಯಾವ ಬಟ್ಟೆ, ಯಾಕೆ ಎಂಬುದು ಅಪ್ಪನಿಗೆ ಗೊತ್ತಿಲ್ಲ, ಆ ಮಾತನ್ನು ಹೊತ್ತು ತಂದವರಿಗೂ ಗೊತ್ತಿಲ್ಲ. ಗೊತ್ತಿರುವವನು ಕತ್ತಲಲ್ಲಿ ಮಲಗಿದ್ದಾನೆ. ಅವನು ಅತ್ತನೆಂದು ಲೇಖಕ ಬರೆಯುವುದಿಲ್ಲ, ಉಸಿರು ಬಿಗಿಹಿಡಿದನೆಂದೂ ಬರೆಯುವುದಿಲ್ಲ. ಸಂದೇಶವು ಅರ್ಥವಾಗದ ನಾಲ್ಕಾರು ಬಾಯಿಗಳನ್ನು ದಾಟಿ, ಅರ್ಥವಾಗಬೇಕಾದ ಒಂದೇ ಕಿವಿಗೆ ಮುಟ್ಟಿದೆ. ‘ಧ್ವನಿ’ಯ ಬಗ್ಗೆ ನಮ್ಮ ಅಲಂಕಾರಶಾಸ್ತ್ರ ಬಹಳ ಹೇಳಿದೆ, ಆದರೆ ಅಲ್ಲಿ ಹೇಳದ ಅರ್ಥವನ್ನು ಹಿಡಿಯುವವನು ಕಾವ್ಯದ ಹೊರಗೆ ಕುಳಿತ ಸಹೃದಯ. ಇಲ್ಲಿ ಸಹೃದಯನು ಕತೆಯ ಒಳಗೇ ಇದ್ದಾನೆ, ಹೊದಿಕೆಯಡಿಯಲ್ಲಿ.

ಇಂಥ ಕತೆಗಳನ್ನು ಕನ್ನಡಕ್ಕೆ ತರುವವರಿಗೆ ಇಂಗ್ಲಿಷಿಗೆ ಇಲ್ಲದ ಒಂದು ಅನುಕೂಲವಿದೆ. ಕೊರಿಯನ್ ಭಾಷೆಯಲ್ಲಿ ಗೌರವದ ಮಾತಿಗೆ ಜೊಂದೆನ್‌ಮಲ್ ಎಂದೂ ಸಲಿಗೆಯ ಮಾತಿಗೆ ಪಾನ್‌ಮಲ್ ಎಂದೂ ಹೆಸರು. ವ್ಯತ್ಯಾಸ ಬಹುಮಟ್ಟಿಗೆ ಕ್ರಿಯಾಪದದ ಕೊನೆಯಲ್ಲಿರುತ್ತದೆ, ಏಕೆಂದರೆ ‘ನೀನು’, ‘ನೀವು’ ಎಂಬ ಸರ್ವನಾಮಗಳನ್ನು ಅವರು ಸಾಧ್ಯವಾದಷ್ಟೂ ಬಳಸುವುದೇ ಇಲ್ಲ. ಬಹುವಚನದಿಂದ ಏಕವಚನಕ್ಕೆ ಇಳಿಯುವುದನ್ನು ಅವರು ‘ಮಾತನ್ನು ಕೆಳಗಿಡುವುದು’ ಎನ್ನುತ್ತಾರೆ, ಹೊತ್ತ ಭಾರವನ್ನು ಇಳಿಸಿದಂತೆ. ಟಿವಿ ಧಾರಾವಾಹಿಯಲ್ಲಿ ಹತ್ತು ಕಂತುಗಳ ಕಾಲ ಗೌರವದಲ್ಲಿ ಮಾತಾಡಿಕೊಂಡ ಇಬ್ಬರಲ್ಲಿ ಒಬ್ಬರು ಯಾವುದೋ ರಾತ್ರಿ ಒಂದು ವಾಕ್ಯದ ಬಾಲವನ್ನು ಕತ್ತರಿಸಿ ‘ಬಂದೆಯಾ?’ ಎಂದರೆ, ಪ್ರೇಮನಿವೇದನೆ ಅಲ್ಲಿಗೆ ಮುಗಿಯಿತು. ಇಂಗ್ಲಿಷ್ ಅಡಿಬರಹ ಓದುತ್ತಿರುವವರು ಇನ್ನೂ ನಾಲ್ಕು ಕಂತು ಕಾಯುತ್ತಾರೆ. ಒಬ್ಬರನ್ನೊಬ್ಬರು ಏಕವಚನದಲ್ಲಿ ಕರೆದದ್ದಕ್ಕೇ ಜಗಳ ಹತ್ತುವ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

2021ರ ‘ಸ್ಕ್ವಿಡ್ ಗೇಮ್’ ಸರಣಿಯಲ್ಲಿ ಅಲಿ ಎಂಬ ಪಾಕಿಸ್ತಾನಿ ಕಾರ್ಮಿಕನ ಪಾತ್ರವಿದೆ. ಮಾಡಿದವರು ದೆಹಲಿಯ ಅನುಪಮ್ ತ್ರಿಪಾಠಿ. ಅಲಿ ತನಗೆ ಸಹಾಯ ಮಾಡಿದ ಸಾಂಗ್‌ವೂನನ್ನು ‘ಸಾಜಂಗ್‌ನಿಮ್’ ಎಂದು ಕರೆಯುತ್ತಾನೆ. ಕಾರ್ಖಾನೆಗಳಲ್ಲಿ ದುಡಿಯುವ ವಲಸೆ ಕಾರ್ಮಿಕರು ಮೊದಲು ಕಲಿಯುವ ಪದಗಳಲ್ಲಿ ಅದೊಂದು: ಧಣಿ, ಯಜಮಾನರೇ. ಹಾಗೆ ಕರೆಯಬೇಡ, ‘ಹ್ಯೊಂಗ್’ ಎಂದು ಕರೆ ಎನ್ನುತ್ತಾನೆ ಸಾಂಗ್‌ವೂ, ಅಂದರೆ ಅಣ್ಣ. ಅಲಿಯ ಮುಖ ಅರಳುತ್ತದೆ. ಮುಂದೆ ಗೋಲಿಯಾಟದಲ್ಲಿ, ಸೋತವನಿಗೆ ಸಾವೇ ಗತಿ ಎಂದಿರುವಾಗ, ಆ ಅಣ್ಣನೇ ಗೋಲಿಯ ಚೀಲದಲ್ಲಿ ಕಲ್ಲು ತುಂಬಿಸಿ ಅವನನ್ನು ವಂಚಿಸುತ್ತಾನೆ. ಅಲಿ ಭಾಷೆಯನ್ನು ಚೆನ್ನಾಗಿಯೇ ಕಲಿತಿದ್ದ. ಪದವನ್ನು ಪದದ ಬೆಲೆಗೇ ತೆಗೆದುಕೊಂಡದ್ದಷ್ಟೇ ಅವನ ತಪ್ಪು. ಎರಡು ಶನಿವಾರ ಫೋನಿಗಾಗಿ ಕಾದವಳಾಗಿ ನಾನು ಆ ಕಂತನ್ನು ಎರಡನೆಯ ಸಲ ನೋಡಲಾರೆ.

ನುಂಚಿಯ ಭಾರ ಯಾವ ಕಡೆ ವಾಲಿದೆ ಎಂಬುದನ್ನು ಬೊಂಗ್ ಜುನ್‌ಹೊ ಅವರ ‘ಪ್ಯಾರಸೈಟ್’ (2019) ನೋಡುವವರೆಗೂ ನಾನು ಸರಿಯಾಗಿ ಯೋಚಿಸಿರಲಿಲ್ಲ. ಕಾನ್ ಚಿತ್ರೋತ್ಸವದಲ್ಲಿ ಪಾಮ್ ದೋರ್ ಪಡೆದು, ಮರುವರ್ಷ ಇಂಗ್ಲಿಷೇತರ ಭಾಷೆಯ ಚಿತ್ರವೊಂದಕ್ಕೆ ಮೊದಲ ಬಾರಿಗೆ ಅತ್ಯುತ್ತಮ ಚಿತ್ರದ ಆಸ್ಕರ್ ತಂದ ಈ ಸಿನಿಮಾದಲ್ಲಿ, ನೆಲಮಾಳಿಗೆಯ ಕುಟುಂಬವೊಂದು ಒಬ್ಬೊಬ್ಬರಾಗಿ ಶ್ರೀಮಂತರ ಮನೆಗೆ ಕೆಲಸಕ್ಕೆ ಸೇರುತ್ತದೆ. ಅವರ ಬಂಡವಾಳ ನುಂಚಿಯೇ. ಯಜಮಾನಿಯ ಭಯವೇನು, ಯಜಮಾನನ ಹೆಮ್ಮೆಯೇನು ಎಂಬುದನ್ನು ಅವರು ಪುಸ್ತಕದಂತೆ ಓದುತ್ತಾರೆ. ಯಜಮಾನ ಪಾರ್ಕ್‌ಗೆ ತನ್ನ ಕಾರಿನ ಚಾಲಕನನ್ನು, ಅಂದರೆ ಆ ಕುಟುಂಬದ ಅಪ್ಪ ಕಿತೆಕ್‌ನನ್ನು, ಓದುವ ಅಗತ್ಯವೇ ಇಲ್ಲ. ಚಾಲಕ ಗೆರೆ ದಾಟದಿದ್ದರೆ ಅವನಿಗೆ ಸಾಕು. ಅವನು ಎಂದೂ ಚಾಲಕ ಕಿತೆಕ್‌ಗೆ ಒರಟು ಮಾತಾಡುವುದಿಲ್ಲ. ಗೆರೆ ದಾಟುವುದು ವಾಸನೆಯೊಂದೇ ಎಂದು ಹೆಂಡತಿಯ ಬಳಿ ಹೇಳುತ್ತಾನೆ, ಮೆಟ್ರೋದಲ್ಲಿ ಓಡಾಡುವವರ ಮೈಯ ವಾಸನೆ. ಮೇಜಿನ ಕೆಳಗೆ ಅಡಗಿ ಮಲಗಿರುವ ಕಿತೆಕ್ ಅದನ್ನು ಕೇಳಿಸಿಕೊಳ್ಳುತ್ತಾನೆ. ಮರುದಿನ ಕಾರಿನ ಹಿಂದಿನ ಸೀಟಿನಲ್ಲಿ ಫೋನಿನಲ್ಲಿ ಹರಟುತ್ತಿರುವ ಯಜಮಾನಿ ಒಂದು ಕ್ಷಣ ಮೂಗು ಮುಚ್ಚಿಕೊಂಡು ಕಿಟಕಿಯ ಗಾಜು ಇಳಿಸುತ್ತಾಳೆ. ಮಾತು ನಿಲ್ಲುವುದಿಲ್ಲ, ಚಾಲಕನ ಕಡೆ ಅವಳು ನೋಡುವುದೂ ಇಲ್ಲ. ನೋಡುತ್ತಿರುವವನು ಕಿತೆಕ್.

ಚಿತ್ರದ ಕೊನೆಯ ಭಾಗದ ಕೊಲೆಗೆ ಕಾರಣವೂ ಅಂಥದೇ ಒಂದು ಸನ್ನೆ. ರಕ್ತ ಹರಿಯುತ್ತಿರುವ ಹುಲ್ಲುಹಾಸಿನ ಮೇಲೆ, ಆ ಮನೆಯ ನೆಲಮಾಳಿಗೆಯಲ್ಲಿ ಗುಟ್ಟಾಗಿ ಬದುಕುತ್ತಿದ್ದ ಇನ್ನೊಬ್ಬನ ದೇಹದ ಅಡಿಯಿಂದ ಕಾರಿನ ಕೀಲಿ ಎತ್ತಿಕೊಳ್ಳುವಾಗ ಪಾರ್ಕ್ ಮೂಗು ಹಿಡಿದುಕೊಳ್ಳುತ್ತಾನೆ. ಅದು ಕಿತೆಕ್‌ಗೆ ತೋರಿಸಲು ಮಾಡಿದ್ದಲ್ಲ. ಆದರೆ ಜೀವಮಾನವೆಲ್ಲ ಮೇಲಿನವರ ಮುಖವನ್ನೇ ಓದಿ ಬದುಕಿದವನಿಗೆ ಆ ಅರೆಕ್ಷಣದ ಮೂಗಿನಲ್ಲಿ ಓದಲು ಬಹಳವಿತ್ತು. ಚುರುಕಾದ ನುಂಚಿ ಅವನ ಕೈಗೆ ಚಾಕು ಕೊಡುತ್ತದೆ.

ಮಾತಿಲ್ಲದೆ ಮನಸ್ಸಿನಿಂದ ಮನಸ್ಸಿಗೆ ಎಂಬ ನುಡಿಗಟ್ಟು ಕೊರಿಯನ್ನರಲ್ಲೂ ಇದೆ. ಬುದ್ಧ ಹೂವೊಂದನ್ನು ಎತ್ತಿ ಹಿಡಿದಾಗ ಮಹಾಕಾಶ್ಯಪನೊಬ್ಬನೇ ನಕ್ಕ ಕತೆ ಅದಕ್ಕೆ ಮೂಲ. ಚೊಕೊಪೈ ತಿಂಡಿಯ ಹಳೆಯ ಜಾಹೀರಾತಿನ ಹಾಡೂ ‘ಹೇಳದಿದ್ದರೂ ಗೊತ್ತು’ ಎಂದೇ ಶುರುವಾಗುತ್ತದೆ. ಆದರೆ ಅದೇ ನಾಡು ಮದುವೆಯಾಗಿ ಹೋಗುವ ಹೆಣ್ಣುಮಗಳಿಗೆ ಕೊಡುತ್ತಿದ್ದ ಬುದ್ಧಿಮಾತು ‘ಮೂರು ವರ್ಷ ಕಿವುಡಿ, ಮೂರು ವರ್ಷ ಮೂಗಿ, ಮೂರು ವರ್ಷ ಕುರುಡಿ’ ಎಂಬುದು. ಅತ್ತೆಯ ಇಂಗಿತವನ್ನು ಸೊಸೆ ಅರಿಯಬೇಕು, ಸೊಸೆಯ ಇಂಗಿತವನ್ನು ಅರಿಯಲು ಯಾರಿಗೂ ಗಾದೆ ಹೇಳಿಕೊಡಲಿಲ್ಲ. ಪ್ರೊಫೆಸರರ ಕೋಣೆಯಲ್ಲಿ ದೀಪ ಉರಿಯುತ್ತಿರುವವರೆಗೂ ಕೆಲಸವಿರಲಿ ಇಲ್ಲದಿರಲಿ ನಮ್ಮಲ್ಲಿ ಯಾರೂ ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. ಹೋಗಬೇಡಿ ಎಂದು ಅವರು ಎಂದೂ ಹೇಳಿದವರಲ್ಲ, ನಾವು ಕಾಯುತ್ತಿದ್ದೇವೆಂದು ಅವರಿಗೆ ತಿಳಿದಿತ್ತೋ ಇಲ್ಲವೋ. ಕೆಲಸದ ಸ್ಥಳದ ಕಿರುಕುಳವನ್ನು ನಿಷೇಧಿಸುವ ಕಾನೂನು ತಿದ್ದುಪಡಿ 2019ರ ಜುಲೈನಲ್ಲಿ ಅಲ್ಲಿ ಜಾರಿಗೆ ಬಂತು. ಹೇಳದೆಯೇ ಹೇರುವ ಒತ್ತಡವನ್ನು ಯಾವ ಕಾನೂನಿನ ಕಲಮು ಹಿಡಿಯುತ್ತದೆ ಎಂದು ನಮ್ಮ ಪ್ರಯೋಗಾಲಯದ ಹುಡುಗರು ಊಟದ ಹೊತ್ತಿಗೆ ನಗೆಯಾಡುತ್ತಿದ್ದರು, ಸುತ್ತ ಯಾರಿದ್ದಾರೆ ಎಂದು ನೋಡಿಕೊಂಡು.

ಇಷ್ಟು ಹೇಳಿದ ಮೇಲೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. 1997ರ ಆಗಸ್ಟ್ 6ರಂದು ಅಮೆರಿಕದ ಆಡಳಿತದಲ್ಲಿರುವ ಗುವಾಮ್ ದ್ವೀಪದಲ್ಲಿ ಕೊರಿಯನ್ ಏರ್ ವಿಮಾನವೊಂದು ಗುಡ್ಡಕ್ಕೆ ಅಪ್ಪಳಿಸಿ 228 ಜನ ಸತ್ತರು. ಕಿರಿಯ ಚಾಲಕರು ಕ್ಯಾಪ್ಟನ್‌ಗೆ ನೇರವಾಗಿ ಹೇಳಲಾರದೆ ಸುತ್ತಿ ಬಳಸಿ ಸುಳಿವು ಕೊಟ್ಟದ್ದೇ ಕಾರಣ ಎಂಬ ವಿವರಣೆ ಜಗತ್ತಿನಲ್ಲೆಲ್ಲ ಜನಪ್ರಿಯವಾಯಿತು. ಜೊತೆಗಿದ್ದವರು ಕ್ಯಾಪ್ಟನ್‌ನ ತಪ್ಪನ್ನು ಸರಿಯಾಗಿ ತಡೆಯಲಿಲ್ಲ ಎಂಬುದನ್ನು ಅಮೆರಿಕದ ತನಿಖಾ ಮಂಡಳಿಯೂ ಗುರುತಿಸಿತು, ನಿಜ. ಆದರೆ ಕ್ಯಾಪ್ಟನ್‌ನ ದಣಿವನ್ನೂ, ವಿಮಾನ ತೀರಾ ಕೆಳಗೆ ಬಂದರೆ ಎಚ್ಚರಿಸಬೇಕಿದ್ದ ನೆಲದ ಮೇಲಿನ ವ್ಯವಸ್ಥೆಯನ್ನು ಅಮೆರಿಕದ ಅಧಿಕಾರಿಗಳೇ ನಿಷ್ಕ್ರಿಯಗೊಳಿಸಿದ್ದನ್ನೂ ಅದೇ ವರದಿ ಹೇಳಿತು. ಆ ಭಾಗವನ್ನು ಯಾರೂ ಅಷ್ಟಾಗಿ ಉಲ್ಲೇಖಿಸುವುದಿಲ್ಲ. ಒಂದು ಜನಾಂಗದ ಮಾತಿನ ರೀತಿಯಿಂದ ಎಲ್ಲವನ್ನೂ ವಿವರಿಸುವ ಚಪಲ ನನಗೂ ಇತ್ತು. ಕಿಟಕಿಯ ಪ್ರಸಂಗವನ್ನು ‘ಕೊರಿಯನ್ನರು ಹೀಗೆ’ ಎಂಬ ಶೀರ್ಷಿಕೆಯಡಿ ನಾನೂ ವರ್ಷಗಟ್ಟಲೆ ಸ್ನೇಹಿತರಿಗೆ ಹೇಳಿದ್ದೇನೆ. ಆ ಹಿರಿಯರು ಸ್ವಭಾವತಃ ಸಂಕೋಚದ ಮನುಷ್ಯ ಎಂಬುದೂ, ಪರದೇಶದಿಂದ ಬಂದ ಹೆಣ್ಣುಮಗಳನ್ನು ನೋಯಿಸಬಾರದೆಂದು ಮೂರು ವಾರ ಚಳಿಯಲ್ಲಿ ಕುಳಿತರು ಎಂಬುದೂ ಆ ಶೀರ್ಷಿಕೆಯಲ್ಲಿ ಹಿಡಿಯುತ್ತಿರಲಿಲ್ಲ.

ಮೂರನೆಯ ವರ್ಷ, ನಾನು ಹೊರಡುವ ಮುನ್ನಿನ ನವೆಂಬರ್‌ನಲ್ಲಿ, ಪ್ರಯೋಗಾಲಯಕ್ಕೆ ಹೊರದೇಶದಿಂದ ಹೊಸ ಹುಡುಗನೊಬ್ಬ ಬಂದ. ಅವನಿಗೆ ಸಿಕ್ಕಿದ್ದು ನನ್ನ ಹಳೆಯ ಜಾಗ. ನಾನು ಅಷ್ಟು ಹೊತ್ತಿಗೆ ಒಳಗಿನ ಮೇಜಿಗೆ ಸರಿದಿದ್ದೆ. ಎರಡನೆಯ ದಿನವೇ ಅವನು ಕಿಟಕಿಯನ್ನು ಪೂರ್ತಿ ತೆರೆದ. ಚುನ್‌ಚೊನ್‌ನ ಸರೋವರದ ಮೇಲಿಂದ ಬರುವ ನವೆಂಬರ್ ಗಾಳಿ ಕಾಗದಗಳನ್ನು ಎತ್ತಿ ಹಾಕಿತು. ನಾನು ಕಾಗದಗಳ ಮೇಲೆ ಟೀ ಲೋಟ ಇಟ್ಟೆ, ಸ್ವಲ್ಪ ಹೊತ್ತು ಕಾದೆ, ಆಮೇಲೆ ತಲೆಯೆತ್ತಿ, ಯಾವ ಯೋಚನೆಯೂ ಇಲ್ಲದೆ, ಕೊರಿಯನ್ ಭಾಷೆಯಲ್ಲಿ ಕೇಳಿದೆ: "ಚಳಿ ಆಗುತ್ತಿಲ್ಲವೇ?"

"ಇಲ್ಲ, ನನಗೆ ಹೀಗೇ ಚೆನ್ನಾಗಿದೆ" ಎಂದ ಅವನು, ಬಹಳ ಪ್ರೀತಿಯಿಂದ ನಕ್ಕು.

ನಾನು ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಂಡೆ. ಪಕ್ಕದ ಮೇಜಿನ ಹಿರಿಯರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ, ಆದರೆ ಅವರ ಹೆಗಲು ಅಲುಗುತ್ತಿತ್ತು.